ಎಲೆಕ್ಟ್ರಾನಿನ ಒಳಗೆ ತಂತಿ ಇದೆಯಂತೆ, ಹೌದಾ?

ಭೌತವಿಜ್ಞಾನದ ಬಗ್ಗೆ ಬರೆಯುವವರನ್ನು ಕಂಡರೆ ಜನ ತಪ್ಪದೆ ಕೇಳುವ ಪ್ರಶ್ನೆ ಇದು. "ಪರಮಾಣುವಿನ ಒಳಗೆ ಪ್ರೋಟಾನ್, ಪ್ರೋಟಾನಿನ ಒಳಗೆ ಕ್ವಾರ್ಕ್, ಅದರೊಳಗೆ ಪುಟಾಣಿ ತಂತಿಗಳು. ಕೊನೆಗೆ ಎಲ್ಲವೂ ತಂತಿಯಿಂದಲೇ ಆಗಿದೆ, ಅಲ್ವಾ?"

ಕ್ವಾರ್ಕ್ ತನಕದ ಮಾತು ನಿಜ. ಅದಕ್ಕೆ ಪ್ರಯೋಗದ ಸಾಕ್ಷಿ ಇದೆ. ತಂತಿಯ ಮಾತಿಗೆ ಇನ್ನೂ ಇಲ್ಲ. ನಾಳೆ ಸಾಕ್ಷಿ ಸಿಕ್ಕಿದರೂ 'ಒಳಗೆ' ಅಂತ ಹೇಳುವುದು ಸರಿಯಾಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಇಷ್ಟು ಚಿಕ್ಕದರ ಒಳಗೆ ಇಣುಕಲು ಒಂದೇ ದಾರಿ: ಕಣಕ್ಕೆ ಕಣವನ್ನು ಹೊಡೆದು, ಅದು ಯಾವ ಕಡೆ ಚಿಮ್ಮಿತು ಅಂತ ನೋಡುವುದು. ರುದರ್‌ಫರ್ಡ್ 1911ರಲ್ಲಿ ಪರಮಾಣುವಿಗೆ ನ್ಯೂಕ್ಲಿಯಸ್ ಇದೆ ಅಂದದ್ದು ಹೀಗೆಯೇ. 1960ರ ದಶಕದ ಕೊನೆಗೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸುಮಾರು 3 ಕಿಲೋಮೀಟರ್ ಉದ್ದದ ಯಂತ್ರದಿಂದ ಪ್ರೋಟಾನ್‌ಗಳಿಗೆ ಎಲೆಕ್ಟ್ರಾನ್ ಹೊಡೆದರು. ಪ್ರೋಟಾನ್ ಒಂದೇ ಮೆತ್ತನೆಯ ಉಂಡೆಯಾಗಿದ್ದರೆ ಎಲೆಕ್ಟ್ರಾನ್‌ಗಳು ಸ್ವಲ್ಪ ಮಾತ್ರ ಬಾಗಿ ಮುಂದೆ ಹೋಗಬೇಕಿತ್ತು. ಆದರೆ ನಿರೀಕ್ಷೆಗಿಂತ ತುಂಬಾ ಜಾಸ್ತಿ ಎಲೆಕ್ಟ್ರಾನ್‌ಗಳು ದೊಡ್ಡ ಕೋನದಲ್ಲಿ ಚಿಮ್ಮಿದವು. ಒಳಗೆ ಗಟ್ಟಿಯಾದ ಚುಕ್ಕೆಗಳಿವೆ ಅನ್ನುವುದು ಅಲ್ಲಿಗೆ ಖಚಿತವಾಯಿತು. ಕ್ವಾರ್ಕ್ ಅನ್ನುವ ಲೆಕ್ಕವನ್ನು ಗೆಲ್‌ಮನ್ ಮತ್ತು ಜ್ವೈಗ್ 1964ರಲ್ಲೇ ಮುಂದಿಟ್ಟಿದ್ದರು. ನಂಬುವವರು ಕಡಿಮೆ ಇದ್ದರು, ಅಷ್ಟೇ.

ಅದೇ ಪರೀಕ್ಷೆಯನ್ನು ಎಲೆಕ್ಟ್ರಾನಿಗೆ ಮಾಡಿದರೆ? ಪ್ರೋಟಾನಿನ ಗಾತ್ರದ ಸಾವಿರದಲ್ಲಿ ಒಂದು ಪಾಲಿನಷ್ಟು ಚಿಕ್ಕ ಅಳತೆಯ ತನಕ ನೋಡಿಯಾಗಿದೆ. ಒಳಗೆ ಏನೂ ಕಂಡಿಲ್ಲ. ಕ್ವಾರ್ಕಿನದೂ ಅದೇ ಕತೆ. ಪ್ರಯೋಗದ ಮಟ್ಟಿಗೆ ಇವೆರಡೂ ಬರೀ ಚುಕ್ಕೆಗಳು.

ಇನ್ನು ತಂತಿಯ ವಿಷಯ. ಈ ಕಲ್ಪನೆ ಹುಟ್ಟಿದ್ದು ಎಲೆಕ್ಟ್ರಾನಿಗಾಗಿ ಅಲ್ಲವೇ ಅಲ್ಲ, ಪ್ರೋಟಾನಿನಂಥ ಕಣಗಳಿಗಾಗಿ. 1968ರಲ್ಲಿ ವೆನೆಜಿಯಾನೊ ಅನ್ನುವ ಯುವ ಭೌತವಿಜ್ಞಾನಿ ಇಂಥ ಕಣಗಳ ಡಿಕ್ಕಿಗೆ ಒಂದು ಸೂತ್ರ ಬರೆದರು. ಅದು ಎಲ್ಲಿಂದ ಬರುತ್ತದೆ ಅಂತ ಯೋಚಿಸಿದ ನಂಬು, ನೀಲ್ಸನ್, ಸಸ್ಕಿಂಡ್ ಮೂವರೂ ಬೇರೆ ಬೇರೆಯಾಗಿಯೇ ಒಂದೇ ಉತ್ತರಕ್ಕೆ ಬಂದರು: ಇದು ಅಲುಗಾಡುವ ತಂತಿಯ ಲೆಕ್ಕ.

ತಮಾಷೆ ಅಂದರೆ, ಅಲ್ಲಿ ನಿಜಕ್ಕೂ ತಂತಿಯಂಥದ್ದೊಂದು ಇದೆ. ಎರಡು ಕ್ವಾರ್ಕ್‌ಗಳನ್ನು ದೂರ ಎಳೆಯಲು ಹೋದರೆ ನಡುವಿನ ಬಲಕ್ಷೇತ್ರ ಎಲ್ಲ ಕಡೆ ಹರಡಿಕೊಳ್ಳುವುದಿಲ್ಲ. ಒಂದು ಸಣ್ಣ ಕೊಳವೆಯ ಹಾಗೆ ಬಿಗಿದುಕೊಳ್ಳುತ್ತದೆ. ಅದರ ಎಳೆತ ಸುಮಾರು 16 ಟನ್ ಭಾರಕ್ಕೆ ಸಮ, ಅದೂ ಪ್ರೋಟಾನಿನಷ್ಟು ಪುಟ್ಟ ಜಾಗದಲ್ಲಿ! ದೂರ ಹೆಚ್ಚಿದರೂ ಈ ಎಳೆತ ಸಡಿಲವಾಗುವುದಿಲ್ಲ. ಇನ್ನೂ ಎಳೆದರೆ ಕೊಳವೆ ತುಂಡಾಗುತ್ತದೆ, ಆದರೆ ತುಂಡಾದ ಜಾಗದಲ್ಲಿ ಹೊಸ ಕ್ವಾರ್ಕ್ ಜೋಡಿಯೇ ಹುಟ್ಟಿಕೊಳ್ಳುತ್ತದೆ. ಒಂಟಿ ಕ್ವಾರ್ಕ್ ಯಾರ ಕೈಗೂ ಸಿಗದೆ ಇರುವುದು ಇದಕ್ಕೇ. ಪ್ರೋಟಾನಿನ ತೂಕದ ಗುಟ್ಟು ಕೂಡ ಇಲ್ಲೇ ಇದೆ. ಮೂರು ಕ್ವಾರ್ಕ್‌ಗಳ ಸ್ವಂತ ತೂಕ ಸೇರಿಸಿದರೆ ಪ್ರೋಟಾನಿನ ತೂಕದ ಶೇ. 1ರಷ್ಟು ಆಗುತ್ತದೆ. ಉಳಿದದ್ದು ಹೆಚ್ಚೂಕಡಿಮೆ ಪೂರ್ತಿ ಒಳಗಿನ ಓಡಾಟದ, ಬಿಗಿತದ ಶಕ್ತಿ. ನನ್ನ ಕೇಳಿದರೆ, ತಂತಿ ಸಿದ್ಧಾಂತ ಹೇಳುವ ಹತ್ತು ಆಯಾಮದ ಕತೆಗಿಂತ ಇದು ಜಾಸ್ತಿ ಬೆರಗಿನ ವಿಷಯ. ಯಾಕೋ ಇದನ್ನು ಯಾರೂ ಕೇಳುವುದಿಲ್ಲ.

ಈ ಬಲಕ್ಕೆ 1973ರ ಹೊತ್ತಿಗೆ ಇನ್ನೂ ಒಳ್ಳೆಯ ಸಿದ್ಧಾಂತ ಸಿಕ್ಕಿತು. ಹಳೆಯ ತಂತಿ ಲೆಕ್ಕವನ್ನು ಹೆಚ್ಚಿನವರು ಬದಿಗಿಟ್ಟರು. ಆ ಲೆಕ್ಕದಲ್ಲಿ ಒಂದು ಕಿರಿಕಿರಿಯೂ ಇತ್ತು: ಯಾರಿಗೂ ಬೇಡದ, ತೂಕವೇ ಇಲ್ಲದ ಒಂದು ಕಣ ಪದೇ ಪದೇ ಬಂದು ಕೂರುತ್ತಿತ್ತು. 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಜ್ ಅದನ್ನೇ ತಿರುಗಿಸಿ ನೋಡಿದರು. ಗುರುತ್ವವನ್ನು ಹೊತ್ತು ತರುವ ಗ್ರಾವಿಟಾನ್ ಇರಬೇಕಾದದ್ದು ಹೀಗೆಯೇ ಅಲ್ಲವೇ? ಹಾಗಾದರೆ ಇದು ಪ್ರೋಟಾನಿನ ಸಿದ್ಧಾಂತವಲ್ಲ, ಎಲ್ಲದರ ಸಿದ್ಧಾಂತ! ತಂತಿಯ ಉದ್ದವನ್ನು ಮಾತ್ರ ಯದ್ವಾತದ್ವಾ ಕುಗ್ಗಿಸಬೇಕಾಯಿತು. ಎಷ್ಟು ಅಂದರೆ, ದಶಾಂಶ ಬಿಂದುವಿನ ನಂತರ ಮೂವತ್ತಮೂರು, ಮೂವತ್ತನಾಲ್ಕು ಸೊನ್ನೆ ಬರುವಷ್ಟು ಮೀಟರ್.

ಈ ಚಿತ್ರದಲ್ಲಿ ಎಲೆಕ್ಟ್ರಾನಿನ ಒಳಗೆ ತಂತಿ ಇಲ್ಲ. ಎಲೆಕ್ಟ್ರಾನೇ ತಂತಿ. ವೀಣೆಯ ತಂತಿ ಲೋಹದ್ದು, ಲೋಹ ಪರಮಾಣುಗಳದ್ದು. ಈ ತಂತಿ ಮಾತ್ರ ಬೇರೆ ಯಾವುದರಿಂದಲೂ ಆದದ್ದಲ್ಲ, ಅದಕ್ಕಿಂತ ಆಚೆ ಸಾಮಗ್ರಿಯೇ ಇಲ್ಲ.

"ಒಂದೊಂದು ಸ್ವರಕ್ಕೆ ಒಂದೊಂದು ಕಣ" ಅನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಅದು ಪೂರ್ತಿ ಸರಿ ಅಲ್ಲ. ತಂತಿಯ ಸ್ವರ ಒಂದು ಮೆಟ್ಟಿಲು ಏರಿದರೆ, ಸಾಮಾನ್ಯ ಲೆಕ್ಕದಲ್ಲಿ, ಆ ಒಂದೇ ಒಂದು ಕಣ ಧೂಳಿನ ಕಣದಷ್ಟು ಭಾರವಾಗಿಬಿಡುತ್ತದೆ. ಅಂಥ ಕಣವನ್ನು ನಾವು ಕಂಡೇ ಇಲ್ಲ. ಎಲೆಕ್ಟ್ರಾನ್, ಕ್ವಾರ್ಕ್, ಬೆಳಕಿನ ಕಣ, ಗ್ರಾವಿಟಾನ್ ಎಲ್ಲವೂ ತೀರಾ ಕೆಳಗಿನ ಮೆಟ್ಟಿಲಿನವೇ. ಅವುಗಳ ನಡುವಿನ ವ್ಯತ್ಯಾಸ ಬರುವುದು ತಂತಿ ಯಾವ ದಿಕ್ಕಿಗೆ ಅಲುಗುತ್ತದೆ, ಈ ಲೆಕ್ಕಕ್ಕೆ ಬೇಕಾದ ಹತ್ತು ಆಯಾಮಗಳಲ್ಲಿ (ಉದ್ದ, ಅಗಲ, ಎತ್ತರ, ಕಾಲ ಬಿಟ್ಟು) ಕಣ್ಣಿಗೆ ಕಾಣದ ಆರು ಹೇಗೆ ಮಡಚಿಕೊಂಡಿವೆ ಅನ್ನುವುದರಿಂದ. ಎಲೆಕ್ಟ್ರಾನಿನ ಪುಟ್ಟ ತೂಕ ಆಮೇಲೆ, ಎಲ್ಲ ಕಡೆ ಹರಡಿಕೊಂಡಿರುವ ಹಿಗ್ಸ್ ಕ್ಷೇತ್ರ ಅನ್ನುವುದರಿಂದ ಬರುವಂಥದ್ದು.

"ಹಾಗಾದರೆ ಪರೀಕ್ಷೆ ಮಾಡಿ ನೋಡಬಾರದಾ?" ಇದು ತಪ್ಪದೆ ಬರುವ ಎರಡನೇ ಪ್ರಶ್ನೆ. ಜಿನೀವಾ ಬಳಿ ನೆಲದಡಿ ಕಣಗಳನ್ನು ಡಿಕ್ಕಿ ಹೊಡೆಸುವ 27 ಕಿಲೋಮೀಟರ್ ಸುತ್ತಳತೆಯ ಯಂತ್ರವಿದೆ. ಅಷ್ಟು ಚಿಕ್ಕ ತಂತಿಯನ್ನು ನೇರವಾಗಿ ನೋಡಲು ಅದರ ಶಕ್ತಿಯ ಸುಮಾರು ಹತ್ತು ಕೋಟಿ ಕೋಟಿ ಪಟ್ಟು ಬೇಕು. ಇನ್ನೂ ದೊಡ್ಡ ಯಂತ್ರ ಕಟ್ಟಿ ಮುಗಿಸುವ ವಿಷಯವಲ್ಲ ಇದು. ಸುತ್ತಿ ಬಳಸಿ ಸಾಕ್ಷಿ ಸಿಗಬಹುದು ಅಂತ ಆಸೆ ಇತ್ತು. ತಂತಿ ಸಿದ್ಧಾಂತ ನೆಚ್ಚಿಕೊಂಡಿರುವ ಸೂಪರ್‌ಸಿಮೆಟ್ರಿ ಅನ್ನುವ ಕಲ್ಪನೆಯ ಪ್ರಕಾರ ಪ್ರತಿ ಕಣಕ್ಕೂ ಒಂದು ಜೋಡಿ ಕಣ ಇರಬೇಕು ಅಂತ ಅಲ್ಲಿ ಹುಡುಕಿದರು. ಇದುವರೆಗೆ ಒಂದೂ ಸಿಕ್ಕಿಲ್ಲ.

ಆದರೂ ಇಷ್ಟು ಜನ ಇದನ್ನು ಸುಮ್ನೆ ಹಿಡಿದುಕೊಂಡು ಕೂತಿಲ್ಲ. ಗುರುತ್ವ ಮತ್ತು ಪುಟ್ಟ ಕಣಗಳ ಕ್ವಾಂಟಮ್ ಲೆಕ್ಕ ಒಟ್ಟಿಗೆ ಕೂರುವ ಜಾಗಗಳು ಬಹಳ ಕಡಿಮೆ, ಇಲ್ಲಿ ಅವು ಕೂರುತ್ತವೆ. ಕಪ್ಪುಕುಳಿಯ ಎಂಟ್ರೊಪಿಗೆ (ಒಳಗೆ ಎಷ್ಟು ಬಗೆಯ ಸ್ಥಿತಿಗಳಿರಬಹುದು ಅನ್ನುವ ಅಳತೆ) ಹಾಕಿಂಗ್ ಕೊಟ್ಟಿದ್ದ ಉತ್ತರವನ್ನು ಸ್ಟ್ರಾಮಿಂಜರ್ ಮತ್ತು ವಾಫಾ 1996ರಲ್ಲಿ, ಒಂದು ವಿಶೇಷ ಬಗೆಯ ಕಪ್ಪುಕುಳಿಯ ಮಟ್ಟಿಗೆ, ತಂತಿ ಸಿದ್ಧಾಂತದಲ್ಲಿ ಎಣಿಸಿಯೇ ತೋರಿಸಿದರು. ಅದು ಕಾಕತಾಳೀಯ ಅಂತ ನನಗೂ ಅನಿಸುವುದಿಲ್ಲ. ಆದರೆ ಆ ಆರು ಆಯಾಮಗಳನ್ನು ಮಡಚುವ ದಾರಿಗಳು ಲೆಕ್ಕವಿಲ್ಲದಷ್ಟಿವೆ. ಒಂದೊಂದು ದಾರಿಗೂ ಒಂದೊಂದು ಬಗೆಯ ಜಗತ್ತು. ನಮ್ಮದು ಯಾವುದು ಅಂತ ಆರಿಸಿ, ಎಲೆಕ್ಟ್ರಾನಿನ ತೂಕ ಇಷ್ಟೇ ಯಾಕೆ ಅಂತ ಲೆಕ್ಕ ಮಾಡಿ ತೋರಿಸಿದವರು ಇನ್ನೂ ಯಾರೂ ಇಲ್ಲ.