ದೂರ ಹೋಗಲಾ, ಬೇಡವಾ ಎಂದು ಕೇಳುವವರಿಗೆ

ಮನೆಯವರನ್ನು ಬಿಟ್ಟು ಅಷ್ಟು ದೂರ ಹೋಗೋದು ಸರೀನಾ? ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕೆಲಸದ ಆಫರ್ ಕೈಗೆ ಬಂದವರು ಕೇಳುತ್ತಾರೆ, ಮದುವೆಯಾಗಿ ಹೊರಟವರು ಕೇಳುತ್ತಾರೆ, ಓದಲು ಹೊರಟ ಮಕ್ಕಳು ಕೇಳುತ್ತಾರೆ. ನಾನು ಹುಟ್ಟಿದ ಮನೆಯಿಂದ ವಿಮಾನ ಹತ್ತಿಯೇ ಬರಬೇಕಾದಷ್ಟು ದೂರದಲ್ಲಿದ್ದೇನೆ. ಬಂದು ಬಹಳ ವರ್ಷವಾಯಿತು. ಹಾಗಾಗಿ ನನ್ನ ಹತ್ತಿರ ಒಂದು ಉತ್ತರ ಇರಲೇಬೇಕು ಅಂತ ಅವರ ಲೆಕ್ಕ. ಇದೆ, ಸ್ವಲ್ಪ ಉದ್ದವಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋಗಲು ಹಿಂಜರಿಯುವವರೆಲ್ಲ ಯೋಚಿಸುವುದು ಒಂದೇ ವಿಷಯ: ಮಧ್ಯರಾತ್ರಿ ಬರುವ ಫೋನು. ಅಪ್ಪ ಬಿದ್ದರೆ? ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದರೆ? ನಾನು ಅಲ್ಲಿ ಇಲ್ಲದಿದ್ದರೆ? ಈ ಭಯ ಸುಳ್ಳಲ್ಲ. ಆದರೆ ಆ ಫೋನು ಬಂದಾಗ ನಿಜವಾಗಿ ಓಡುವುದು ಪಕ್ಕದ ಮನೆಯವರು, ಆಂಬುಲೆನ್ಸಿನವರು, ಅದೇ ಊರಿನಲ್ಲಿರುವ ನೆಂಟರು. ಬೇರೆ ಬಡಾವಣೆಯಲ್ಲಿರುವ ಮಗನೂ ಆ ಮೊದಲ ಅರ್ಧ ಗಂಟೆಗೆ ತಲುಪುವುದಿಲ್ಲ. ನೀವು ದುಡ್ಡು ಕಳಿಸಬಹುದು, ಡಾಕ್ಟರ ಜೊತೆ ಮಾತಾಡಬಹುದು, ಮರುದಿನವೋ ಅದರ ಮರುದಿನವೋ ಬಂದು ನಿಲ್ಲಬಹುದು. ದೊಡ್ಡ ಕಷ್ಟ ಬಂದಾಗ ಜನ ಹೇಗೋ ಬಂದು ಸೇರುತ್ತಾರೆ. ರಜೆ ಸಿಗುತ್ತದೆ, ಸಾಲ ಸಿಗುತ್ತದೆ, ಟಿಕೆಟ್ ಕೂಡ ಸಿಗುತ್ತದೆ.

ದೂರ ಕಿತ್ತುಕೊಳ್ಳುವುದು ಏನೂ ಆಗದ ದಿನಗಳನ್ನು. ಮಂಗಳವಾರ ಸಂಜೆ ಸುಮ್ನೆ ಬಂದು ಕೂತು, ಏನೂ ವಿಶೇಷ ಮಾತಾಡದೆ ಎದ್ದು ಹೋಗುವುದಿದೆಯಲ್ಲ, ಅದಕ್ಕೆ ಯಾರೂ ರಜೆ ಕೊಡುವುದಿಲ್ಲ, ಯಾರೂ ಟಿಕೆಟ್ ತೆಗೆಯುವುದಿಲ್ಲ. ನೀವು ಹೋಗುವುದೋ ಬಿಡುವುದೋ ಎಂದು ತೂಗುವಾಗ ತಕ್ಕಡಿಯಲ್ಲಿ ಇಡಬೇಕಾದದ್ದು ಅದನ್ನು.

ವಿಡಿಯೋ ಕಾಲ್ ಇದೆಯಲ್ಲ ಅನ್ನುತ್ತೀರಿ. ಇದೆ, ನಾನೂ ಮಾಡುತ್ತೇನೆ. ನನ್ನ ಅಮ್ಮ ಈಗಲೂ ಫೋನು ಹಿಡಿದರೆ ನನಗೆ ಕಾಣುವುದು ಅವಳ ಹಣೆ ಮತ್ತು ತಿರುಗುವ ಫ್ಯಾನು. ಅಪ್ಪ ಹಾಗಲ್ಲ. ಫೋನು ಬರುವ ಹೊತ್ತಿಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಾರೆ. ಚೆನ್ನಾಗಿದ್ದೇನೆ ಅನ್ನುತ್ತಾರೆ. ಹಾಗೇ ಕಾಣುತ್ತಾರೆ ಕೂಡ. ಅವರು ಆ ಕುರ್ಚಿಯಿಂದ ಏಳುವಾಗ ಎರಡು ಕೈಯನ್ನೂ ಊರಿ, ಒಂದು ಸಲ ಹಿಂದಕ್ಕೆ ಕುಸಿದು, ಎರಡನೇ ಸಲಕ್ಕೆ ಏಳುತ್ತಾರೆ ಎಂಬುದನ್ನು ನನಗೆ ಹೇಳಿದ್ದು ತಂಗಿ. ಬಾತ್‌ರೂಮಿಗೆ ಹೋಗುವಾಗ ಗೋಡೆ ಹಿಡಿದುಕೊಳ್ಳುವ ಜಾಗದಲ್ಲಿ ಸುಣ್ಣದ ಮೇಲೆ ಕೈಗುರುತು ಬಿದ್ದಿದೆ, ಅದನ್ನು ಕಂಡವಳೂ ಅವಳೇ. ಫೋನು ಮುಖ ತೋರಿಸುತ್ತದೆ, ಕಾಲು ತೋರಿಸುವುದಿಲ್ಲ. ವಯಸ್ಸಾಗುವುದು ಎಷ್ಟೋ ಸಲ ಮೊದಲು ಗೊತ್ತಾಗುವುದು ನಡಿಗೆಯಲ್ಲಿ. ಅದನ್ನು ನೋಡಲು ಮನೆಯೊಳಗೇ ಇರಬೇಕು, ಅದೂ ಏನನ್ನೂ ನೋಡಲು ಬಂದವರಂತೆ ಅಲ್ಲದೆ.

ಇಲ್ಲಿ ಇನ್ನೊಬ್ಬರು ಬರುತ್ತಾರೆ, ಈ ಪ್ರಶ್ನೆ ಕೇಳುವವರ ಬಾಯಲ್ಲಿ ಯಾವತ್ತೂ ಬಾರದವರು. ಊರಲ್ಲೇ ಉಳಿಯುವ ಅಣ್ಣ, ತಂಗಿ, ಅತ್ತಿಗೆ. ಹೋಗುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಉಳಿಯುವವರನ್ನು ಯಾರೂ ಏನೂ ಕೇಳುವುದಿಲ್ಲ. ಒಬ್ಬರು ಹೋದ ದಿನವೇ ಉಳಿದವರ ಆಯ್ಕೆ ಅರ್ಧ ಆಗುತ್ತದೆ, ಏಕೆಂದರೆ ಇಬ್ಬರೂ ಹೋಗುವಂತಿಲ್ಲ. ನನ್ನ ತಂಗಿ ಒಂದು ಸಲ ಹೇಳಿದಳು, 'ಅಕ್ಕಾ, ಡಾಕ್ಟರ್ ಏನು ಹೇಳಿದರು ಅಂತ ನೀನು ಕೇಳ್ತೀಯ. ಹೇಳೋಕೆ ಮುಂಚೆ ಎಷ್ಟು ಹೊತ್ತು ಹೊರಗೆ ಕೂರಿಸಿದ್ರು ಅಂತ ಯಾರೂ ಕೇಳಲ್ಲ.' ಜಗಳವಾಡಲು ಹೇಳಿದ್ದಲ್ಲ. ಹಾಗೆ ಹೇಳಿ ಔಷಧಿ ಚೀಟಿಯ ಫೋಟೋ ಕಳಿಸಿದಳು.

ಕೊನೆಗಳಿಗೆಯಲ್ಲಿ ದೂರದಿಂದ ಬಂದು ಹತ್ತಿರ ಇದ್ದವರನ್ನು ದೂರುವವರಿಗೆ ವೈದ್ಯರ ಲೋಕದಲ್ಲಿ ಒಂದು ಹೆಸರೇ ಇದೆ: 'ಕ್ಯಾಲಿಫೋರ್ನಿಯಾದ ಮಗಳು'. 1991ರಲ್ಲಿ ವೃದ್ಧರ ಚಿಕಿತ್ಸೆಗೆ ಮೀಸಲಾದ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಈ ಹೆಸರಿನಲ್ಲೇ ಲೇಖನ ಬಂತು. ಕಾಯಿಲೆಯವರ ಪಕ್ಕದಲ್ಲಿದ್ದವರು ಡಾಕ್ಟರ ಜೊತೆ ಕೂತು, ಇನ್ನು ಜಾಸ್ತಿ ಹಿಂಸೆ ಬೇಡ ಎಂದು ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಆಗ ದೂರದಿಂದ ಒಬ್ಬರು ಬಂದಿಳಿಯುತ್ತಾರೆ. ಅದು ಯಾಕೆ ಮಾಡಿಲ್ಲ, ಇದು ಯಾಕೆ ಕೊಟ್ಟಿಲ್ಲ, ದೊಡ್ಡ ಆಸ್ಪತ್ರೆಗೆ ಯಾಕೆ ಒಯ್ದಿಲ್ಲ ಎಂದು ಎಲ್ಲರ ಮೇಲೂ ಹಾರಾಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಮಹಾತಾಯಿಯನ್ನು ನ್ಯೂಯಾರ್ಕಿನ ಮಗಳು ಅಂತಾರಂತೆ! ಮಗನಾದರೂ ಅಷ್ಟೇ ಬಿಡಿ. ಇಷ್ಟು ದಿನ ಇರಲಿಲ್ಲವಲ್ಲ ಎಂಬ ಸಂಕಟ ಸಿಟ್ಟಾಗಿ ಹೊರಬರುತ್ತದೆ, ಬೀಳುವುದು ಮಾತ್ರ ಇದ್ದವರ ತಲೆಯ ಮೇಲೆ.

ಹಾಗಾಗಿ ಹೊರಡುವ ಮುಂಚೆ ಅಪ್ಪ ಅಮ್ಮನನ್ನು ಕೇಳುವುದಕ್ಕಿಂತ ಉಳಿಯುವವರನ್ನು ಕೇಳಿ ಅನ್ನುತ್ತೇನೆ. ಅಪ್ಪ ಅಮ್ಮನನ್ನು ಕೇಳಿ ಪ್ರಯೋಜನವಿಲ್ಲ. 'ನಾನು ಹೋದರೆ ಪರವಾಗಿಲ್ವಾ?' ಅಂದರೆ ಅವರು ಹೋಗು ಅಂತಾರೆ. ಬೇಡ ಅಂದರೆ ಮಕ್ಕಳ ಏಳಿಗೆಗೆ ಅಡ್ಡ ಬಂದಂತೆ ಅಲ್ವಾ? ಆ ಹೋಗು ಎಂಬ ಮಾತನ್ನು ಒಪ್ಪಿಗೆ ಎಂದು ಜೇಬಿಗೆ ಹಾಕಿಕೊಂಡು ಹೊರಡುವವರೇ ಜಾಸ್ತಿ. ಅದರ ಬದಲು ಒಂದು ತಿಂಗಳು ಒಂದು ಕೆಲಸ ಮಾಡಿ. ನೀವು ಮನೆಗೆ ಮಾಡಿಕೊಡುವ ಪ್ರತಿಯೊಂದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಬಲ್ಬು ಬದಲಿಸಿದ್ದು, ಬ್ಯಾಂಕಿನ ಪಾಸ್‌ವರ್ಡ್ ಮತ್ತೆ ಹಾಕಿಕೊಟ್ಟದ್ದು, ಸಿಲಿಂಡರ್ ಎತ್ತಿಟ್ಟದ್ದು, ಕಣ್ಣಿಗೆ ಡ್ರಾಪ್ಸ್ ಹಾಕಿದ್ದು, ಚಿಕ್ಕಮ್ಮನ ಜೊತೆಗಿನ ಮನಸ್ತಾಪ ಕೇಳಿಸಿಕೊಂಡದ್ದು. ತಿಂಗಳ ಕೊನೆಗೆ ಆ ಪಟ್ಟಿ ಹಿಡಿದು ಕೂತು, ಪ್ರತಿ ಸಾಲಿನ ಎದುರು ಇನ್ನು ಇದನ್ನು ಮಾಡುವವರ ಹೆಸರು ಬರೆಯಿರಿ. ಕೆಲವಕ್ಕೆ ಸಂಬಳ ಕೊಟ್ಟು ಜನ ಇಡಬಹುದು. ಕೆಲವು ಫೋನಲ್ಲೇ ಆಗುತ್ತವೆ. ಉಳಿದ ಎಲ್ಲ ಸಾಲಿನ ಎದುರೂ ಒಂದೇ ಹೆಸರು ಬಂದರೆ, ನೀವು ಮಾತಾಡಬೇಕಾದದ್ದು ಆ ಹೆಸರಿನವರ ಹತ್ತಿರ.

ಮಾತು ಅಂದರೆ ದುಡ್ಡಿನ ಮಾತೂ ಸೇರಿ. ದೂರ ಇರುವವರು ಖರ್ಚು ಕೊಡುವುದು, ಹತ್ತಿರ ಇರುವವರು ಮೈಮುರಿಯುವುದು ಎಂಬ ಹಂಚಿಕೆ ಮೊದಮೊದಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ದುಡ್ಡು ಕೊಡುವವರಿಗೆ ತಿಂಗಳ ಒಂದು ದಿನದ ಕೆಲಸ, ಇನ್ನೊಬ್ಬರಿಗೆ ದಿನಾ. ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ನಾನು ಬಂದಾಗ ತಂಗಿ ಮನೆಯಲ್ಲಿ ಇರಬಾರದು. ಅವಳು ಗಂಡ ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಹೊರಡುತ್ತಾಳೆ. ನೆಂಟರಿಗೆ ಇದು ವಿಚಿತ್ರ. ಅಕ್ಕ ಬಂದಾಗಲೇ ತಂಗಿ ಇಲ್ಲವಲ್ಲ ಅಂತ ಕೇಳುತ್ತಾರೆ. ಕೇಳಲಿ. ಅತಿಥಿಯ ಹಾಗೆ ಬಂದು, ಎಲ್ಲರನ್ನೂ ಸುತ್ತ ಕೂರಿಸಿಕೊಂಡು ನಕ್ಕು ಹೋದರೆ ನನಗೆ ಮನೆಯ ಗುಟ್ಟು ಯಾವುದೂ ತಿಳಿಯುವುದಿಲ್ಲ. ಮಾತ್ರೆ ಡಬ್ಬಿ ತುಂಬಿಸಿ, ರಾತ್ರಿ ಎದ್ದು ಬಾತ್‌ರೂಮಿನ ಲೈಟು ಹಾಕಿದರೆ ತಿಳಿಯುತ್ತದೆ.

ಗಂಡ ಹೆಂಡತಿ ಇಬ್ಬರೂ ಹೊರಡುವುದಾದರೆ ಲೆಕ್ಕ ಇನ್ನೂ ಸಿಕ್ಕಾಗುತ್ತದೆ. ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ 1978ರಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಕುಟುಂಬ ಒಟ್ಟಾಗಿ ಊರು ಬಿಟ್ಟಾಗ ಒಟ್ಟು ಸಂಸಾರಕ್ಕೆ ಲಾಭವಾಗಬಹುದು, ಆದರೆ ಇಬ್ಬರಲ್ಲಿ ಒಬ್ಬರಿಗೆ ನಷ್ಟವಾಗಿರಬಹುದು. ಒಬ್ಬರೇ ಆಗಿದ್ದರೆ ಹೋಗುತ್ತಲೇ ಇರಲಿಲ್ಲ, ಜೊತೆಗಾರರಿಗಾಗಿ ಕಟ್ಟಿಸಿಕೊಂಡು ಹೋದವರು ಅವರು. ಅದೇ ರೀತಿ, ಹೋಗಬೇಕೆಂದಿದ್ದು ಜೊತೆಗಾರರಿಗಾಗಿ ಉಳಿದುಬಿಟ್ಟವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಕಟ್ಟಿಸಿಕೊಂಡು ಹೋಗುವವರು ಯಾರು ಎಂದು ಬಾಯಿಬಿಟ್ಟು ಹೇಳಿಕೊಂಡೇ ಹೊರಡಿ. ಹೊಸ ಊರಿನಲ್ಲಿ ಒಬ್ಬರಿಗೆ ಮೊದಲ ದಿನದಿಂದಲೇ ಆಫೀಸು, ಸಹೋದ್ಯೋಗಿಗಳು, ಒಂದು ಕುರ್ಚಿ ಸಿಗುತ್ತದೆ. ಇನ್ನೊಬ್ಬರಿಗೆ ಸಿಗುವುದು ನಾಲ್ಕು ಗೋಡೆ.

ಅಲ್ಲಿ ಹೋದರೆ ಖುಷಿಯಾಗಿರ್ತೀನಾ ಅನ್ನುವವರಿಗೆ ಮತ್ತೆ ಕ್ಯಾಲಿಫೋರ್ನಿಯಾದ ಕಥೆಯನ್ನೇ ಹೇಳಬೇಕು. 1998ರಲ್ಲಿ ಸಂಶೋಧಕರಾದ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಅಮೆರಿಕದ ಎರಡು ಭಾಗಗಳ ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿದರು. ಒಂದು ಕಡೆ ಬಿಸಿಲಿನ ಕ್ಯಾಲಿಫೋರ್ನಿಯಾ, ಇನ್ನೊಂದು ಕಡೆ ಚಳಿಯ ಮಿಡ್‌ವೆಸ್ಟ್. ಬದುಕಿನ ಬಗ್ಗೆ ಒಟ್ಟಾರೆ ಸಮಾಧಾನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ಕ್ಯಾಲಿಫೋರ್ನಿಯಾದವರೇ ಜಾಸ್ತಿ ಸಂತೋಷವಾಗಿರುತ್ತಾರೆ ಎಂದು ಎರಡೂ ಕಡೆಯವರು ಊಹಿಸಿದ್ದರು. ಊರು ಬದಲಿಸುವ ಯೋಚನೆ ಬಂದಾಗ ನಾವು ಎದ್ದು ಕಾಣುವ ವ್ಯತ್ಯಾಸವನ್ನೇ ಹಿಡಿದುಕೊಳ್ಳುತ್ತೇವೆ. ಬದುಕುವುದು ಮಾತ್ರ ಉಳಿದ ಎಲ್ಲದರ ಒಳಗೆ: ನಿದ್ದೆ, ಕೆಲಸ, ಜೊತೆಗೆ ಯಾರಿದ್ದಾರೆ, ಸಂಜೆ ಹೇಗೆ ಕಳೆಯುತ್ತದೆ.

ಸ್ನೇಹಿತರ ವಿಷಯ ನಿಮಗೆ ಅಷ್ಟು ದೊಡ್ಡದು ಅನ್ನಿಸುವುದಿಲ್ಲ, ಆದರೆ ದೊಡ್ಡದೇ. ಬ್ರಿಟನ್ನಿನ ಸಂಶೋಧಕರಾದ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್‌ಬಾರ್ ಶಾಲೆ ಮುಗಿಸಿದ ವಿದ್ಯಾರ್ಥಿಗಳನ್ನು 18 ತಿಂಗಳು ಹಿಂಬಾಲಿಸಿ ನೋಡಿದ್ದರು. ಭೇಟಿ, ಮಾತು ಕಡಿಮೆಯಾದಂತೆ ಗೆಳೆತನ ಸಡಿಲವಾಯಿತು. ಮನೆಯವರ ಜೊತೆಗಿನ ಹತ್ತಿರ ಅಷ್ಟಾಗಿ ಕುಗ್ಗಲಿಲ್ಲ. ಅಂದರೆ ದೂರ ಹೋದರೆ ಅಪ್ಪ ಅಮ್ಮನ ಪ್ರೀತಿ ಹೋಗಿಬಿಡುತ್ತದೆ ಎಂಬ ಹೆದರಿಕೆ ಬೇಡ, ಅದು ನಿಲ್ಲುತ್ತದೆ. ಸದ್ದಿಲ್ಲದೆ ಹೋಗುವವರು ಗೆಳೆಯರು. ಹೊಸಬರು ಸಿಗಲು ಹೊತ್ತು ಬೇಕು. ಬರೀ ಪರಿಚಯದವರು ಗೆಳೆಯರಂತಾಗಲು ಸುಮಾರು 50 ಗಂಟೆ, ನಿಜವಾದ ಆಪ್ತರಾಗಲು 200 ಗಂಟೆಗೂ ಮೀರಿದ ಒಡನಾಟ ಬೇಕೆಂದು ಅಮೆರಿಕದ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ್ದರು. ವಾರಕ್ಕೆ ಎರಡು ಗಂಟೆ ಸಿಕ್ಕರೆ ಎಷ್ಟು ವರ್ಷ, ನೀವೇ ನೋಡಿ. ಮೊದಲ ವರ್ಷ ಒಂಟಿತನ ಬಂದರೆ ಊರು ಸರಿಯಿಲ್ಲ ಎಂದುಕೊಳ್ಳಬೇಡಿ. ಗಂಟೆ ಇನ್ನೂ ತುಂಬಿಲ್ಲ, ಅಷ್ಟೇ.

ಗಡಿಯಾರದ ವ್ಯತ್ಯಾಸವನ್ನು ಮಾತ್ರ ಎಲ್ಲರೂ ಹಗುರವಾಗಿ ನೋಡುತ್ತಾರೆ. ಎರಡು ಮೂರು ಗಂಟೆಯಾದರೆ ಅಡ್ಡಿಯಿಲ್ಲ. ಹತ್ತು ಹನ್ನೆರಡು ಗಂಟೆಯಾದರೆ ಪ್ರತಿ ಮಾತಿನಲ್ಲೂ ಒಬ್ಬರು ಆಗತಾನೆ ಎದ್ದಿರುತ್ತಾರೆ, ಇನ್ನೊಬ್ಬರು ತೂಕಡಿಸುತ್ತಿರುತ್ತಾರೆ. ಎರಡು ಊರುಗಳ ನಡುವೆ ಆಯ್ಕೆಯಿದ್ದರೆ ಕಿಲೋಮೀಟರ್ ನೋಡಬೇಡಿ, ಗಡಿಯಾರ ನೋಡಿ, ನೇರ ವಿಮಾನ ಇದೆಯಾ ನೋಡಿ.

ಹಾಗಾದರೆ ಯಾರಿಗೆ ಹೋಗಿ ಅನ್ನುತ್ತೇನೆ? ಮನೆಯೇ ನೋವು ಕೊಡುತ್ತಿದ್ದರೆ ಎರಡನೇ ಮಾತಿಲ್ಲ, ಹೊರಡಿ. ಸಾಲ ಕತ್ತಿಗೆ ಬಂದಿದ್ದು ಅಲ್ಲಿನ ಸಂಬಳ ಮಾತ್ರ ತೀರಿಸಬಲ್ಲುದಾದರೆ ಹೊರಡಿ. ತಂದೆತಾಯಿ ಇನ್ನೂ ಗಟ್ಟಿಯಾಗಿದ್ದು, ಅವರಿಗೂ ತಮ್ಮದೇ ಓಡಾಟ, ಸ್ನೇಹಿತರು ಇದ್ದರೆ ಇದೇ ಒಳ್ಳೆಯ ಸಮಯ. ಆದರೆ ಈಗಾಗಲೇ ಒಬ್ಬರ ಮರೆವು ಜಾಸ್ತಿಯಾಗುತ್ತಿದ್ದರೆ, ಇನ್ನೊಬ್ಬರು ಅದನ್ನು ಮುಚ್ಚಿಡುತ್ತಿದ್ದರೆ, ಆಫರ್ ಎಷ್ಟೇ ಚೆನ್ನಾಗಿರಲಿ, ಒಂದು ವರ್ಷ ಮುಂದೂಡಲು ಆಗುತ್ತಾ ಕೇಳಿ ನೋಡಿ. ಮರೆವಿನ ಕಾಯಿಲೆಯಲ್ಲಿ ಅವರು ನಿಮ್ಮನ್ನು ಗುರುತಿಸುವ ವರ್ಷಗಳು ಮುಂಚಿನವು, ಕೊನೆಯವಲ್ಲ. ಕೊನೆಗೆ ಬಂದು ಕೂರುತ್ತೇನೆ ಅನ್ನುವವರು ಇದನ್ನು ತಿಳಿದಿರಬೇಕು. ಇನ್ನು ಒಂದೇ ಊರಲ್ಲಿದ್ದೂ ತಿಂಗಳಿಗೊಮ್ಮೆ ಮನೆ ಕಡೆ ತಲೆ ಹಾಕದವರು, 'ಅಪ್ಪ ಅಮ್ಮನಿಗಾಗಿ ಉಳಿದೆ' ಎಂದು ದೊಡ್ಡ ತ್ಯಾಗದ ಮಾತಾಡುವುದೂ ಉಂಟು. ಅವರು ಹೋದರೂ ಆ ಪುಸ್ತಕದಲ್ಲಿ ಬರೆಯಲು ಸಾಲುಗಳಿರುವುದಿಲ್ಲ.

ಎಷ್ಟು ತೂಗಿದರೂ ತಕ್ಕಡಿ ಸಮ ನಿಂತರೆ? ಸ್ಟೀವನ್ ಲೆವಿಟ್ ಎಂಬ ಅರ್ಥಶಾಸ್ತ್ರಜ್ಞ ಇಂಥವರಿಂದಲೇ ನಾಣ್ಯ ಹಾರಿಸಿ ಪ್ರಯೋಗ ಮಾಡಿದ್ದರು. ಬದಲಾವಣೆ ಮಾಡು ಎಂದು ನಾಣ್ಯ ಹೇಳಿದವರಲ್ಲಿ ಹೆಚ್ಚು ಜನ ಬದಲಾವಣೆ ಮಾಡಿದರು, ದೊಡ್ಡ ತೀರ್ಮಾನಗಳಲ್ಲಿ ಹಾಗೆ ಬದಲಾದವರು ಆರು ತಿಂಗಳ ನಂತರ ಇದ್ದಲ್ಲೇ ಇದ್ದವರಿಗಿಂತ ಹೆಚ್ಚು ಖುಷಿಯಾಗಿದ್ದರು. ಇದನ್ನು ಹೇಳಿದ ಕೂಡಲೇ ಕೇಳಿದವರ ಮುಖ ಅರಳುತ್ತದೆ. ನಾನು ಅಷ್ಟು ಅರಳುವುದಿಲ್ಲ. ಆರು ತಿಂಗಳಲ್ಲಿ ಹೋದವರ ಖುಷಿ ಗೊತ್ತಾಗುತ್ತದೆ, ಹಿಂದೆ ಉಳಿದವರ ಸುಸ್ತು ಗೊತ್ತಾಗಲು ಆರು ವರ್ಷ ಬೇಕು.

ಹಾಗೆಂದು ಹೋಗುವುದನ್ನು ಮರಳಿ ಬಾರದ ದಾರಿ ಎಂದುಕೊಳ್ಳಬೇಡಿ. 1885ರಲ್ಲೇ ರೇವನ್‌ಸ್ಟೈನ್ ಎಂಬ ಭೂಗೋಳ ತಜ್ಞರು ಬ್ರಿಟನ್ನಿನ ಜನಗಣತಿ ನೋಡಿ ಬರೆದಿದ್ದರು: ಜನ ಒಂದು ಕಡೆಗೆ ಹರಿದಾಗಲೆಲ್ಲ ಎದುರು ದಿಕ್ಕಿನಲ್ಲೂ ಒಂದು ಹರಿವು ಇದ್ದೇ ಇರುತ್ತದೆ. ವಾಪಸ್ ಬರುವವರು ಯಾವಾಗಲೂ ಇದ್ದರು. ಆದರೆ ಯಾವತ್ತಾದರೂ ಬರ್ತೀನಿ ಅನ್ನುವವರು ಬರುವುದಿಲ್ಲ. ಅಷ್ಟರಲ್ಲಿ ಮಕ್ಕಳ ಶಾಲೆ, ಮನೆ ಸಾಲ, ಬಡ್ತಿ ಎಲ್ಲ ಅಡ್ಡ ನಿಲ್ಲುತ್ತವೆ. ಯಾವ ಸ್ಥಿತಿ ಬಂದರೆ ವಾಪಸ್ಸು ಎಂದು ಹೊರಡುವ ಮುಂಚೆಯೇ ಬರೆಯಿರಿ: ಅಪ್ಪ ಅಮ್ಮನಲ್ಲಿ ಒಬ್ಬರೇ ಉಳಿದರೆ, ಊರಲ್ಲಿರುವವರ ಕೈಲಿ ಇನ್ನು ಆಗದಿದ್ದರೆ. ತುರ್ತಿಗೆ ಒಂದು ಟಿಕೆಟ್ಟಿನ ದುಡ್ಡು ಬೇರೆ ಖಾತೆಯಲ್ಲಿರಲಿ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ. ಬರೆದದ್ದರ ಒಂದು ಪ್ರತಿ ಊರಲ್ಲಿರುವವರ ಹತ್ತಿರ ಇರಲಿ. ನನ್ನ ಕೈಲಿ ಆಗ್ತಿಲ್ಲ, ಬಾ ಎಂದು ಹೇಳುವ ಹಕ್ಕು ಅವರಿಗೂ ಬೇಕಲ್ಲ. ನಮ್ಮ ಪ್ರತಿ ತಂಗಿಯ ಬೀರುವಿನಲ್ಲಿದೆ. ವರ್ಷಕ್ಕೊಮ್ಮೆ ಫೋನಿನಲ್ಲಿ ಅದನ್ನು ತೆಗೆದು ಓದುತ್ತೇವೆ. ಹೋದ ಸಲ ಅವಳು ಒಂದು ಸಾಲು ತಿದ್ದಿಸಿದಳು.