ಎರಡು ಕೀಲಿಕೈ ಇರುವ ಕೀಲಿ

ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿದ ವಾರ ಅದು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಏಳು ರಟ್ಟಿನ ಡಬ್ಬಗಳು ತುಂಬಿ ನಿಂತಿದ್ದವು. ಚಳಿ ಶುರುವಾಗಿದೆ, ಮೆಜೆಸ್ಟಿಕ್ ಕಡೆ ಮನೆಯಿಲ್ಲದವರು ಮಲಗುವ ರಾತ್ರಿ ತಂಗುದಾಣಕ್ಕೆ ಬಟ್ಟೆ, ಹೊದಿಕೆ ಕೊಡೋಣ ಅಂತ ವಾಟ್ಸಾಪ್ ಗುಂಪಿನಲ್ಲಿ ನಾನೇ ಬರೆದಿದ್ದೆ. ಎರಡೇ ದಿನದಲ್ಲಿ ಇಷ್ಟು ಸೇರಿತು. ತುಂಬಾ ಖುಷಿಯಾಗಿತ್ತು. ಅಲ್ಲಿರುವವರಿಗೆ ಏನು ಬೇಕು ಅಂತ ಒಂದು ಫೋನ್ ಮಾಡಿ ಕೇಳಬೇಕು ಅನ್ನುವುದು ಮಾತ್ರ ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಡಬ್ಬಗಳನ್ನು ಆಟೊಗೆ ಹೇರಿಕೊಂಡು ಹೋದೆ. ಉದ್ದನೆಯ ಒಂದು ಹಾಲ್. ಸಾಲಾಗಿ ಕಬ್ಬಿಣದ ಮಂಚಗಳು. ಪ್ರತಿ ಮಂಚದ ಕೆಳಗೂ ಒಂದು ಬ್ಯಾಗ್. ಮೇಲ್ವಿಚಾರಣೆ ನೋಡಿಕೊಳ್ಳುವ ಅಕ್ಕ ಟೀ ಕೊಟ್ಟು, ‘ಬನ್ನಿ, ಒಟ್ಟಿಗೆ ತೆಗೆದು ನೋಡೋಣ’ ಅಂದರು.

ಮೊದಲ ಡಬ್ಬದಲ್ಲಿ ಹತ್ತಿ ತುಂಬಿದ ರಜಾಯಿಗಳಿದ್ದವು. ನನಗೆ ಅದೇ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸಿತ್ತು. ಅಕ್ಕ ಒಂದನ್ನು ಎತ್ತಿ ತೂಕ ನೋಡಿ ಪಕ್ಕಕ್ಕಿಟ್ಟರು. ‘ಇದನ್ನ ಒಗೆದರೆ ಒಣಗೋಕೆ ಮೂರು ದಿನ ಬೇಕು. ಆ ಮೂರು ರಾತ್ರಿ ಅವರು ಏನು ಹೊದೀಬೇಕು? ಒಗೆಯದೆ ಬಿಟ್ಟರೆ ತಿಗಣೆ ಆಗುತ್ತೆ. ಒಂದು ಮಂಚಕ್ಕೆ ಬಂದರೆ ಇಡೀ ಹಾಲ್‌ಗೆ ಬಂದ ಹಾಗೆ.’ ತಿಗಣೆ ಹೊಲಿಗೆಯ ಸಂದಿಗಳಲ್ಲಿ ಮೊಟ್ಟೆ ಇಡುತ್ತೆ, ಬಟ್ಟೆಯನ್ನ ಕುದಿಯುವಷ್ಟು ಬಿಸಿ ನೀರಲ್ಲಿ ನೆನೆಸಬೇಕು. ರಜಾಯಿಯನ್ನ ಹಾಗೆ ಮಾಡೋಕಾಗುತ್ತಾ? ತೆಳುವಾದ, ಬೆಳಗ್ಗೆ ಒಗೆದರೆ ಸಂಜೆಗೆ ಒಣಗುವ ಹೊದಿಕೆ ಇದ್ದರೆ ಎರಡು ಕೊಡಿ, ಒಂದರ ಮೇಲೊಂದು ಹೊದೀತಾರೆ ಅಂದರು.

ಆಮೇಲೆ ಜರಿ ಸೀರೆ, ಮಕ್ಕಳ ಫ್ರಾಕ್, ಜಿಪ್ ಕಿತ್ತ ಸ್ವೆಟರ್. ಅದು ಗಂಡಸರ ತಂಗುದಾಣ. ಅಲ್ಲಿ ಮಕ್ಕಳೇ ಇಲ್ಲ. ಇಂಥ ತಂಗುದಾಣಗಳಿಗೆ ಕೇಂದ್ರದ ನಗರ ಜೀವನೋಪಾಯ ಯೋಜನೆ ಹಾಕಿಕೊಟ್ಟ ಲೆಕ್ಕ ಒಬ್ಬರಿಗೆ 50 ಚದರ ಅಡಿ. ಮಂಚ, ಬ್ಯಾಗ್, ಓಡಾಡೋ ಜಾಗ ಎಲ್ಲ ಅದರಲ್ಲೇ ಆಗಬೇಕು. ‘ಬೇಡ ಅನ್ನೋಕೆ ನಂಗೂ ಬೇಜಾರು ಮೇಡಂ. ಆದ್ರೆ ಇಡೋಕೆ ಜಾಗ ಎಲ್ಲಿದೆ ಹೇಳಿ’ ಅಂದರು.

ಐದನೇ ಡಬ್ಬದಿಂದ ಒಂದು ಕಪ್ಪು ಪ್ಯಾಂಟ್ ಬಂತು. ಅಕ್ಕನ ಮುಖ ಅರಳಿತು. ‘ಇಂಥದ್ದು ಇನ್ನೂ ಇದ್ದಾವಾ?’

ಯಾಕೆ ಅಂತ ಕೇಳಿದೆ. ಅಲ್ಲಿರುವ ಹೆಚ್ಚಿನವರು ದುಡಿಯುವವರು. ಕೆಲವರು ಮಾರ್ಕೆಟ್‌ನಲ್ಲಿ ಮೂಟೆ ಹೊರುತ್ತಾರೆ. ಜಾಸ್ತಿ ಜನ ಕ್ಯಾಟರಿಂಗ್ ಕೆಲಸಕ್ಕೆ ಹೋಗುತ್ತಾರೆ. ಬಡಿಸೋಕೆ ನಿಲ್ಲಬೇಕಾದರೆ ಕಪ್ಪು ಪ್ಯಾಂಟ್, ಬಿಳಿ ಶರ್ಟ್, ಕಪ್ಪು ಶೂ ಇರಲೇಬೇಕು. ಇಲ್ಲದಿದ್ದರೆ ಪಾತ್ರೆ ತೊಳೆಯೋ ಕಡೆಗೆ ಕಳಿಸುತ್ತಾರೆ, ಅಲ್ಲಿ ಕೂಲಿ ಕಮ್ಮಿ. ತುಳಸಿ ಹಬ್ಬ ಕಳೆದ ಮೇಲೆ ಮದುವೆಗಳು ಶುರುವಾಗುತ್ತವೆ. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಹಿಡಿಯಿತೆಂದರೆ ಸಂಕ್ರಾಂತಿವರೆಗೆ ಛತ್ರಗಳೆಲ್ಲ ಖಾಲಿ. ಅಂದರೆ ಚಳಿ ಜಾಸ್ತಿ ಇರುವ ತಿಂಗಳಲ್ಲೇ ಕೆಲಸ ಇಲ್ಲ. ಈ ಮೂರು ನಾಲ್ಕು ವಾರ ದುಡಿದದ್ದರಲ್ಲಿ ಆ ತಿಂಗಳು ಕಳೆಯಬೇಕು. ವರ್ಷವೆಲ್ಲ ಮದುವೆಗಳಲ್ಲಿ ಉಂಡಿದ್ದೇನೆ. ಬಡಿಸಿದವರು ರಾತ್ರಿ ಎಲ್ಲಿಗೆ ಹೋಗುತ್ತಾರೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಏಳು ಡಬ್ಬದಲ್ಲಿ ಸಿಕ್ಕಿದ್ದು ನಾಲ್ಕು ಕಪ್ಪು ಪ್ಯಾಂಟ್. ಸೊಂಟದ ಅಳತೆ 38, 40. ಅಲ್ಲಿದ್ದ ಹುಡುಗರದ್ದು 28, 30. ಒಬ್ಬ ಹುಡುಗ ಒಂದನ್ನು ಹಾಕಿಕೊಂಡು, ಸೊಂಟದ ಹತ್ತಿರ ಎರಡೂ ಕೈಯಿಂದ ಮಡಚಿ ಹಿಡಿದು, ‘ಬೆಲ್ಟ್ ಬಿಗಿದ್ರೆ ಆಗುತ್ತೆ ಅಲ್ವಾ?’ ಅಂತ ಕೇಳಿದ. ಅವನಿಗೆ ನಾಡಿದ್ದೇ ಒಂದು ಮದುವೆ ಇತ್ತು.

ನಾನು ಹೊರಡುವ ಹೊತ್ತಿಗೆ ಮೂಲೆಯ ಮಂಚದಲ್ಲಿದ್ದ ಒಬ್ಬರು ಎದ್ದು ಬಂದರು. ಹಾವೇರಿ ಕಡೆಯವರು, ಐವತ್ತು ದಾಟಿದವರು. ‘ಮೇಡಂ, ಒಂದು ಕೀಲಿ ಸಿಗಬಹುದೇನ್ರಿ?’ ಅಂದರು.

‘ಯಾವುದರ ಕೀಲಿ? ಕಳೆದು ಹೋಯ್ತಾ?’ ಅಂದೆ.

‘ಕಳದಿಲ್ರಿ. ಕೀಲಿನ ಇಲ್ಲ.’

ನನಗೆ ಅರ್ಥವಾಗಲಿಲ್ಲ. ಅವರು ಬ್ಯಾಗಿನ ಎರಡು ಜಿಪ್ಪುಗಳನ್ನು ಹತ್ತಿರ ತಂದು, ಎರಡು ಬೆರಳಿನಿಂದ ಒತ್ತಿ ತೋರಿಸಿದರು. ಆಗ ಹೊಳೆಯಿತು. ಅವರ ಕಡೆ ಕೀಲಿ ಅಂದರೆ ಬೀಗ. ನಾವು ಬೀಗದ ಕೈ ಅನ್ನುವುದು ಅವರಿಗೆ ಕೀಲಿಕೈ.

ಎರಡು ತಿಂಗಳ ಹಿಂದೆ ಅವರು ಬಸ್ ನಿಲ್ದಾಣದಲ್ಲಿ ಮಲಗಿದ್ದಾಗ ಫೋನು, ಆಧಾರ್ ಕಾರ್ಡು ಎರಡೂ ಕಳುವಾಗಿದ್ದವು. ಹೊಸ ಸಿಮ್ ತಗೊಳ್ಳೋಕೆ ಹೋದರೆ ಆಧಾರ್ ಕೇಳಿದರು. ಆಧಾರ್ ತೆಗೆಸೋಕೆ ಹೋದರೆ ಹಳೇ ನಂಬರಿಗೆ ಓಟಿಪಿ ಬರುತ್ತೆ ಅಂದರು. ಊರಿಗೆ ಹೋಗಿ, ಹಳೇ ಜೆರಾಕ್ಸ್ ಹುಡುಕಿ ತಂದು ಸರಿಮಾಡಿಸಿಕೊಳ್ಳುವಷ್ಟರಲ್ಲಿ ಹದಿನೈದು ದಿನದ ಕೂಲಿ ಹೋಗಿತ್ತು. ಈಗ ಹೊಸ ಕಾರ್ಡನ್ನು ಅಂಗಿಯ ಒಳಗಿನ ಜೇಬಲ್ಲೇ ಇಟ್ಟುಕೊಂಡು ಮಲಗುತ್ತಾರೆ. ‘ಸ್ನಾನಕ್ಕ ಹೋದಾಗ ಏನ್ ಮಾಡ್ಲಿ ಹೇಳ್ರಿ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಐದು ಡಬ್ಬ ವಾಪಸ್ ತಂದೆ. ತಂದ ಮೇಲೆ ಗುಂಪಿನಲ್ಲಿ ಎಲ್ಲವನ್ನೂ ಇದ್ದ ಹಾಗೇ ಬರೆದೆ. ಕೆಲವರಿಗೆ ನೋವಾಯಿತು. ‘ಕೊಟ್ಟಿದ್ದನ್ನ ಬೇಡ ಅಂದ್ರಾ?’ ಅಂತ ಒಬ್ಬರು ಫೋನ್ ಮಾಡಿ ಕೇಳಿದರು. ಬೇಡ ಅನ್ನಲಿಲ್ಲ, ಬೇಕಾದ್ದು ಹೇಳಿದರು ಅಂತ ತಿಳಿಸಿದೆ. ಬಟ್ಟೆ ಬದಲು ಹಣ ಕೊಡಿ ಅಂದಾಗ ಕಮ್ಮಿ ಜನ ಕೊಟ್ಟರು. ಆದರೂ ಸಾಕಾಯಿತು.

ಮುಂದಿನ ಶನಿವಾರ ಚಿಕ್ಕಪೇಟೆಗೆ ಹೋದೆ. ಅಕ್ಕ ಬರೆಸಿದ ಚೀಟಿ ಕೈಯಲ್ಲಿತ್ತು. ಹೊಸ ಒಳ ಉಡುಪು, ಇದನ್ನು ವಯಸ್ಸಾದವರು ಬಾಯಿಬಿಟ್ಟು ಕೇಳುವುದೇ ಇಲ್ಲವಂತೆ. ಪಂಚೆ, ತೆಳು ಟವೆಲ್, 7ರಿಂದ 9ನೇ ನಂಬರಿನ ಚಪ್ಪಲಿ, ಬಟ್ಟೆ ಸೋಪು, ಉಗುರು ಕತ್ತರಿ, ನಾಲ್ಕು ಫೋನ್ ಒಟ್ಟಿಗೆ ಚಾರ್ಜ್ ಮಾಡುವ ಪ್ಲಗ್ ಬೋರ್ಡ್. ಊಟ ಬರೆಸಿರಲಿಲ್ಲ. ಹತ್ತಿರದ ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುತ್ತೆ. ಛತ್ರದಲ್ಲಿ ಉಳಿದದ್ದನ್ನು ರಾತ್ರಿ ಹನ್ನೊಂದಕ್ಕೆ ತಂದುಕೊಟ್ಟು, ತಿಂದವರಿಗೆ ವಾಂತಿಯಾದದ್ದೂ ಇದೆಯಂತೆ. ಹೆಂಗಸರ ತಂಗುದಾಣವಾದರೆ ಚೀಟಿಯೇ ಬೇರೆ: ಪ್ಯಾಡ್, ನೈಟಿ, ಲಂಗ, ಸೇಫ್ಟಿ ಪಿನ್, ಸೀರು ಬಾಚಣಿಗೆ.

ದೊಡ್ಡ ಪ್ಯಾಂಟುಗಳನ್ನು ನಮ್ಮ ಬೀದಿಯ ಟೈಲರ್ ಹತ್ತಿರ ಹಿಡಿಸಿದೆ. ವಿಷಯ ಕೇಳಿ ಅವರು ಮಜೂರಿ ತಗೊಳ್ಳಲಿಲ್ಲ. ತಮ್ಮ ಅಂಗಡಿಯಲ್ಲಿ ಯಾರೂ ಬಂದು ಒಯ್ಯದೆ ಉಳಿದಿದ್ದ ಎರಡು ಬಿಳಿ ಶರ್ಟನ್ನೂ ಕೊಟ್ಟರು.

ಕೊನೆಗೆ ಬೀಗದ ಅಂಗಡಿ. ನಲವತ್ತು ಬೀಗ ಬೇಕು ಅಂದಾಗ ಅಂಗಡಿಯವರು ಹಾಸ್ಟೆಲಿಗಾ ಅಂತ ಕೇಳಿದರು. ಚಿಕ್ಕ ಹಿತ್ತಾಳೆ ಬೀಗ, ಒಂದೊಂದಕ್ಕೂ ಎರಡು ಕೀಲಿಕೈ. ಬ್ಯಾಗನ್ನು ಮಂಚದ ಕಾಲಿಗೆ ಕಟ್ಟೋಕೆ ಅಳತೆಗೆ ಸರಪಳಿಯನ್ನೂ ಕತ್ತರಿಸಿಕೊಟ್ಟರು.

ಭಾನುವಾರ ಹೋದಾಗ ಹಾವೇರಿಯವರು ಬಾಗಿಲಲ್ಲೇ ನಿಂತಿದ್ದರು. ಬೀಗವನ್ನು ಕೈಗೆ ಕೊಟ್ಟೆ. ಮೂರು ಸಲ ತೆಗೆದು ಹಾಕಿ ನೋಡಿದರು. ಪ್ರತಿ ಸಲವೂ ಹಾಕಿದ ಮೇಲೆ ಒಮ್ಮೆ ಎಳೆದು ನೋಡಿದರು. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ತೆಗೆದು ಬ್ಯಾಗಿನ ತಳದಲ್ಲಿಟ್ಟು, ಜಿಪ್ ಎಳೆದು ಬೀಗ ಹಾಕಿದರು. ಒಂದು ಕೀಲಿಕೈಯನ್ನು ಅಕ್ಕನ ಕೈಗೆ ಕೊಟ್ಟು, ‘ಇದು ನಿಮ್ಮ ಹತ್ರ ಇರ್ಲಿ’ ಅಂದರು. ಇನ್ನೊಂದನ್ನು ಉಡುದಾರಕ್ಕೆ ಎರಡು ಗಂಟು ಹಾಕಿ ಕಟ್ಟಿಕೊಂಡರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು, ನಿಧಾನವಾಗಿ ಸ್ನಾನಕ್ಕೆ ಹೋದರು.