ಐದು ದಿನದ ಆಟಕ್ಕೆ ಆರು ದಿನದ ಪಯಣ

ಕಾಸರಗೋಡಿನ ಕುಂಬಳೆಯ ಆಸುಪಾಸಿನಲ್ಲಿ ಬೆಳೆದವರಿಗೆ ಅನಿಲ್ ಕುಂಬ್ಳೆ ಎಂಬ ಹೆಸರಿನ ಉತ್ತರಾರ್ಧ ಮನೆಯ ಆಸ್ತಿ ಇದ್ದಂತೆ. 2008ರ ಆಗಸ್ಟ್ ಆರಂಭದಲ್ಲಿ ಅವರ ನಾಯಕತ್ವದ ಭಾರತ ತಂಡ ಶ್ರೀಲಂಕೆಯ ಗಾಲೆಯಲ್ಲಿ ಆತಿಥೇಯ ತಂಡವನ್ನು 170 ರನ್‌ಗಳಿಂದ ಸೋಲಿಸಿತು. ಮಳೆಗಾಲದಲ್ಲಿ ಬಂದು ಹೋಗುವ ಕರೆಂಟಿನ ನಡುವೆ ಆ ಪಂದ್ಯವನ್ನು ಟಿವಿಯಲ್ಲಿ ನೋಡಿದ ನನಗೆ, ಸೆಹ್ವಾಗ್ ಅವರ ಅಜೇಯ 201 ರನ್‌ಗಳಿಗಿಂತ ಗಟ್ಟಿಯಾಗಿ ನೆನಪಿನಲ್ಲಿ ಉಳಿದದ್ದು ಮೈದಾನದ ಹಿಂದಿನ ಕೋಟೆಗೋಡೆ ಮತ್ತು ಅದರ ಮೇಲೆ ಕಾಲು ಇಳಿಬಿಟ್ಟು ಪುಕ್ಕಟೆಯಾಗಿ ಆಟ ನೋಡುತ್ತಿದ್ದ ಜನ. ನಮ್ಮ ಬೇಕಲದಲ್ಲಿ ಟಿಕೆಟು ಪಡೆದು ಕೋಟೆ ನೋಡಬೇಕು. ಅಲ್ಲಿ ಟಿಕೆಟಿಲ್ಲದೆ ಕೋಟೆಯ ಮೇಲಿಂದ ಟೆಸ್ಟ್ ಪಂದ್ಯವನ್ನೇ ನೋಡಬಹುದು ಎಂಬುದು ಅಂದಿನ ನನ್ನ ವಿದ್ಯಾರ್ಥಿ ಜೇಬಿಗೆ ಬಹಳ ಹಿಡಿಸಿತ್ತು. ಆ ಗೋಡೆಯ ಮೇಲೆ ನಾನೂ ಕುಳಿತದ್ದು ಹದಿನಾರು ವರ್ಷಗಳ ಬಳಿಕ, 2024ರ ಸೆಪ್ಟೆಂಬರಿನಲ್ಲಿ.

ವಿದೇಶಕ್ಕೆ ಹೋಗಿ ಆಟ ನೋಡುವುದೆಂದರೆ ವಿಶ್ವಕಪ್ಪೇ ಆಗಬೇಕು, ಫೈನಲ್ಲೇ ಆಗಬೇಕು ಎಂಬ ಕಲ್ಪನೆ ನಮ್ಮಲ್ಲಿ ಅನೇಕರಿಗಿದೆ. ನಾನು ಇದರ ತದ್ವಿರುದ್ಧ ಪಕ್ಷದವನು. ಫೈನಲಿನ ಟಿಕೆಟಿಗೆ ಕೊಡುವ ಹಣ ಕೆಲವೇ ಗಂಟೆಗಳ ಆಟಕ್ಕೆ ತೀರಿಹೋಗುತ್ತದೆ, ಅದೂ ಏಕಪಕ್ಷೀಯವಾದರೆ ಇನ್ನೂ ಬೇಗ. ಟೆಸ್ಟ್ ಪಂದ್ಯದಲ್ಲಿ ಹಾಗಲ್ಲ. ಅಲ್ಲಿ ನಾವು ಕೊಳ್ಳುವುದು ದಿನಗಳನ್ನು. ಅದರಲ್ಲೂ ಭಾರತ ಆಡದ ಸರಣಿಯನ್ನು ಆರಿಸಿಕೊಂಡರೆ ವಿಮಾನದ ದರವೂ ಕೋಣೆಯ ಬಾಡಿಗೆಯೂ ಏರುವುದಿಲ್ಲ. ಹೀಗಾಗಿ ಗಾಲೆಯಲ್ಲಿ ಸೆಪ್ಟೆಂಬರ್ 18ರಿಂದ ಶ್ರೀಲಂಕಾ ಮತ್ತು ನ್ಯೂಜಿಲೆಂಡ್ ನಡುವೆ ಮೊದಲ ಟೆಸ್ಟ್ ಎಂದು ವೇಳಾಪಟ್ಟಿ ಪ್ರಕಟವಾದೊಡನೆ ನಾನು ಓಣಂ ರಜೆಯ ಲೆಕ್ಕ ಹಾಕಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮೇಷ್ಟ್ರಿಗೆ ಸೆಪ್ಟೆಂಬರಿನಲ್ಲಿ ಇಷ್ಟು ಉದ್ದದ ರಜೆ ಸಿಗುವುದು ಕೇರಳದಲ್ಲಿ ಇರುವುದರಿಂದಲೇ ಎಂಬುದನ್ನು ಗಡಿಯಾಚೆಯ ಸಹೋದ್ಯೋಗಿಗಳಿಗೆ ನೆನಪಿಸುವ ಅವಕಾಶವನ್ನು ನಾನು ಬಿಡುವುದಿಲ್ಲ.

ವೇಳಾಪಟ್ಟಿಯಲ್ಲಿ ಒಂದು ವಿಚಿತ್ರವಿತ್ತು. ಐದು ದಿನದ ಪಂದ್ಯಕ್ಕೆ 18ರಿಂದ 23ರವರೆಗೆ ಆರು ದಿನಾಂಕಗಳು. 21ರಂದು ಶ್ರೀಲಂಕೆಯ ಅಧ್ಯಕ್ಷೀಯ ಚುನಾವಣೆ ಇದ್ದುದರಿಂದ ಆ ದಿನ ಆಟಕ್ಕೆ ವಿರಾಮ. ಹಿಂದೆ ಟೆಸ್ಟಿನ ನಡುವೆ ವಿರಾಮದ ದಿನ ವಾಡಿಕೆಯಾಗಿತ್ತೆಂದು ಅಪ್ಪನಿಂದ ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ಪಯಣಕ್ಕೆ ಜೊತೆಯಾಗಿದ್ದ ಭಾವ, ಅಡಿಕೆ ತೋಟದ ಮನುಷ್ಯ, ಮದ್ದು ಬಿಡುವ ಕೆಲಸ ಮುಗಿಸಿ ಒಪ್ಪಿಕೊಂಡವನು, ಇದನ್ನು ಕೇಳಿ, "ಅಲ್ಲ ಭಾವಾ, ನಾವು ಹೋಗುವುದು ಆಟ ನೋಡ್ಲಿಕ್ಕೋ, ಓಟು ಹಾಕ್ಲಿಕ್ಕೋ?" ಎಂದ.

ಖರ್ಚಿನಲ್ಲಿ ದೊಡ್ಡ ಪಾಲು ವಿಮಾನದ್ದು. ಮಂಗಳೂರಿನಿಂದ ಸುತ್ತಿ ಹೋಗುವ ಟಿಕೆಟುಗಳ ದರ ಕೈಗೆ ನಿಲುಕದ್ದರಿಂದ, ಓಣಂನ ಮುಖ್ಯ ದಿನವಾದ ತಿರುವೋಣದ ಮರುದಿನ ಮಧ್ಯಾಹ್ನ ಕಾಸರಗೋಡಿನಲ್ಲಿ ಚೆನ್ನೈ ಮೇಲ್ ಹತ್ತಿ ರಾತ್ರಿಯಿಡೀ ಸ್ಲೀಪರಿನಲ್ಲಿ ಪ್ರಯಾಣಿಸಿ ಬೆಳಗ್ಗೆ ಚೆನ್ನೈ ತಲುಪಿದೆವು. ಅಲ್ಲಿಂದ ಕೊಲಂಬೊ ಒಂದೂಕಾಲು ಗಂಟೆಯ ಹಾದಿ. ಹೋಗಿಬರುವ ವಿಮಾನಕ್ಕೆ ತಲಾ ಸುಮಾರು 16,000 ರೂಪಾಯಿ ಕೊಟ್ಟೆವು. ದಿನ ಬದಲಿಸಲಾಗದ, ಕೈಚೀಲ ಮಾತ್ರ ಒಯ್ಯಬಹುದಾದ ಅಗ್ಗದ ಟಿಕೆಟು ಅದು. ಶ್ರೀಲಂಕೆಯ ವೀಸಾ ಕ್ರಮ ಆ ಒಂದೇ ವರ್ಷದಲ್ಲಿ ಹಲವು ಸಲ ಬದಲಾಗಿತ್ತಾದ್ದರಿಂದ, ಹಳೆಯ ಪ್ರವಾಸ ಕಥನಗಳನ್ನು ನಂಬದೆ ಅಲ್ಲಿಯ ಸರ್ಕಾರದ ತಾಣವನ್ನೇ ನೋಡಿ, ಹೊರಡುವ ವಾರದಲ್ಲಿ ಇನ್ನೊಮ್ಮೆ ಖಚಿತಪಡಿಸಿಕೊಂಡಿದ್ದೆವು. ಕಟುನಾಯಕ ವಿಮಾನ ನಿಲ್ದಾಣದಿಂದ ಕೊಲಂಬೊದ ಫೋರ್ಟ್ ಪ್ರದೇಶಕ್ಕೆ 187 ಸಂಖ್ಯೆಯ ಬಸ್ಸು, ಅಲ್ಲಿಂದ ಗಾಲೆಗೆ ಕಡಲಂಚಿನ ರೈಲು. ಆ ರೈಲಿನ ಕಿಟಕಿಯಿಂದ ಕಾಣುವ ತೆಂಗು, ಮನೆ, ಮೀನಿನ ದೋಣಿಗಳು ಉಳ್ಳಾಲದಿಂದ ಕಾಞಂಗಾಡಿನವರೆಗಿನ ನಮ್ಮ ದಾರಿಯನ್ನೇ ನೆನಪಿಸುತ್ತವೆ. ವ್ಯತ್ಯಾಸವೆಂದರೆ, ಅಲ್ಲಿ ಕಡಲು ಹಳಿಗೆ ಎಷ್ಟು ಹತ್ತಿರವೆಂದರೆ ಕೆಲವೆಡೆ ನೀರಿನ ಸೀರ್ಪನಿ ಮುಖಕ್ಕೇ ಬಡಿಯುತ್ತದೆ.

ಹಣದ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಾವು ಮೊದಲ ದಿನವೇ ಎಡವಿದ್ದು ಇಲ್ಲಿ. ಅಲ್ಲಿಯದೂ ರೂಪಾಯಿ, ಇಲ್ಲಿಯದೂ ರೂಪಾಯಿ. ಆದರೆ ಆಗ ನಮ್ಮ ಒಂದಕ್ಕೆ ಅಲ್ಲಿಯ ಮೂರೂವರೆಗಿಂತ ತುಸು ಹೆಚ್ಚು. ಎಟಿಎಂನಲ್ಲಿ ಕಾರ್ಡು ಹಾಕಿದಾಗ, ಭಾರತದ ರೂಪಾಯಿಯಲ್ಲೇ ಲೆಕ್ಕ ಮಾಡಲೇ ಎಂದು ಪರದೆಯ ಮೇಲೆ ಪ್ರಶ್ನೆ ಬಂತು. ಪರಿಚಿತ ಹೆಸರು ಕಂಡ ಭಾವ ಸಂತೋಷದಿಂದ ಹೌದು ಒತ್ತಿದ. ಹಾಗೆ ಒತ್ತಿದರೆ ವಿನಿಮಯ ದರವನ್ನು ನಿಗದಿ ಮಾಡುವುದು ನಮ್ಮ ಬ್ಯಾಂಕಲ್ಲ, ಆ ಯಂತ್ರವನ್ನು ಇಟ್ಟವರು. ದರ ನಮಗೆ ನಷ್ಟದ್ದೇ ಆಗಿರುತ್ತದೆ. ಬೇಡ ಎಂದು ಒತ್ತಿ ಅಲ್ಲಿಯ ಹಣದಲ್ಲೇ ಮುಂದುವರಿಯಬೇಕು. ಯುಪಿಐ ಸೌಲಭ್ಯ ಆ ವರ್ಷದ ಫೆಬ್ರವರಿಯಲ್ಲಿ ಶ್ರೀಲಂಕೆಗೂ ಬಂದಿತ್ತು, ಆದರೆ ನಾವು ಉಂಡ ಸಣ್ಣ ಅಂಗಡಿಗಳಲ್ಲಿ ನಗದೇ ನಡೆಯಿತು.

ತಂಗಿದ್ದು ಕೋಟೆಯ ಒಳಗಲ್ಲ. ಅಲ್ಲಿಯ ಹಳೆಯ ಡಚ್ ಮನೆಗಳೆಲ್ಲ ಈಗ ಬೆಲೆಬಾಳುವ ಹೋಟೆಲುಗಳು. ರೈಲು ನಿಲ್ದಾಣದಿಂದ ಹದಿನೈದು ನಿಮಿಷ ನಡೆದರೆ ಸಿಗುವ ಒಂದು ಮನೆಯ ಮಹಡಿಯಲ್ಲಿ ಫ್ಯಾನಿನ ಕೋಣೆ ಸಿಕ್ಕಿತು. ಮನೆಯೊಡತಿಯನ್ನು ಹೇಗೆ ಕರೆಯುವುದೆಂದು ಯೋಚಿಸುತ್ತಿದ್ದಾಗ ಪಕ್ಕದ ಮನೆಯ ಹುಡುಗ "ಅಕ್ಕಾ" ಎಂದು ಕೂಗಿ ಒಳಬಂದ. ಸಿಂಹಳದಲ್ಲೂ ಅಕ್ಕ ಅಕ್ಕನೇ. ಅವರು ನನ್ನನ್ನು "ಮಲ್ಲಿ" ಎಂದು ಕರೆಯತೊಡಗಿದಾಗ ಮಾತ್ರ ಭಾವನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಮಲ್ಲಿ ಎಂದರೆ ತಮ್ಮ. ಬೆಳಗ್ಗೆ ಅವರು ಬಡಿಸುತ್ತಿದ್ದ ಇಂದಿಆಪ್ಪ ನಮ್ಮ ಒತ್ತುಶ್ಯಾವಿಗೆಯೇ, ಜೊತೆಗೆ ಖಾರದ ತೆಂಗಿನತುರಿ. ಪೊಲೊಸ್ ಎಂದು ಕೊಟ್ಟ ಪದಾರ್ಥವನ್ನು ಬಾಯಿಗಿಟ್ಟ ಭಾವ, "ಇದು ಗುಜ್ಜೆ!" (ಎಳೆ ಹಲಸು) ಎಂದು ಉದ್ಗರಿಸಿ ಎರಡನೆಯ ಸಲ ಹಾಕಿಸಿಕೊಂಡ. ಶಾಕಾಹಾರಿಗಳಾದ ನಮ್ಮ ಊಟದ ಖರ್ಚು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಕಡಿಮೆಯಾಯಿತು.

ಮೊದಲ ದಿನ ಟಿಕೆಟು ಪಡೆದು ಮೈದಾನದೊಳಗಿನ ಹುಲ್ಲಿನ ದಿಬ್ಬದಲ್ಲಿ ಕುಳಿತೆವು. ಆ ಟಿಕೆಟಿನ ಬೆಲೆ ನಮ್ಮ ಒಂದು ಹೊತ್ತಿನ ಊಟಕ್ಕಿಂತ ಕಡಿಮೆ. ಕಮಿಂದು ಮೆಂಡಿಸ್ 114 ರನ್ ಗಳಿಸಿದ ದಿನ ಅದು. ಆತ ಗಾಲೆಯ ರಿಚ್‌ಮಂಡ್ ಕಾಲೇಜಿನಲ್ಲಿ ಓದಿದ ಹುಡುಗ. ಅವನು ಶತಕ ಮುಟ್ಟಿದಾಗ ಪಪರೆ ವಾದ್ಯದವರ ಸುತ್ತ ಕುಣಿದ ಜನರ ಸಂಭ್ರಮ ಊರಿನ ಯಕ್ಷಗಾನದ ಆಟದಲ್ಲಿ ಚೆಂಡೆಪೆಟ್ಟು ಏರಿದಾಗ ಆಗುವ ಸಂಭ್ರಮದಂತೆಯೇ ಇತ್ತು. ಎರಡನೆಯ ದಿನದಿಂದ ನಾವು ಗೋಡೆ ಹತ್ತಿದೆವು. ಪೋರ್ಚುಗೀಸರು 1588ರಲ್ಲಿ ಆರಂಭಿಸಿ ಡಚ್ಚರು ಭದ್ರಪಡಿಸಿದ ಕೋಟೆಯದು, ನಮ್ಮ ಬೇಕಲಕ್ಕಿಂತ ಹಿರಿಯದು. ಗಡಿಯಾರ ಗೋಪುರದ ಪಕ್ಕದ ಕೊತ್ತಲದಿಂದ ಇಡೀ ಮೈದಾನ ತಟ್ಟೆಯಲ್ಲಿಟ್ಟಂತೆ ಕಾಣುತ್ತದೆ. ಆದರೆ ನೆರಳೆಂಬುದಿಲ್ಲ, ಸ್ಕೋರು ಹೇಳುವವರೂ ಇಲ್ಲ, ಚೆಂಡು ತಿರುಗಿತೋ ನೇರ ಹೋಯಿತೋ ತಿಳಿಯುವಷ್ಟು ಹತ್ತಿರವೂ ಅಲ್ಲ. ಪುಕ್ಕಟೆ ಜಾಗದ ಬೆಲೆಯನ್ನು ಕುತ್ತಿಗೆಯ ಹಿಂಭಾಗದ ಚರ್ಮ ತೆರುತ್ತದೆ. ಮೂರನೆಯ ದಿನಕ್ಕೆ ಎರಡು ಕೊಡೆ ಕೊಂಡೆವು. ಬೆಳಗ್ಗಿನ ಅವಧಿಗೆ ಹುಲ್ಲಿನ ದಿಬ್ಬ, ಬಿಸಿಲು ಇಳಿದ ಮೇಲೆ ಗೋಡೆ ಎಂಬುದು ನಾವು ಕಂಡುಕೊಂಡ ಕ್ರಮ.

ಗೋಡೆಯ ಮೇಲೆ ಕುಳಿತಾಗ ಈ ಮೈದಾನ 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಪೂರ್ಣವಾಗಿ ಹಾಳಾಗಿತ್ತೆಂಬುದನ್ನು ಮರೆಯುವುದು ಕಷ್ಟ, ಏಕೆಂದರೆ ಕಡಲು ಅಲ್ಲೇ ಎರಡೂ ಬದಿಯಲ್ಲಿ ಇದೆ. ಟೆಸ್ಟ್ ಕ್ರಿಕೆಟ್ ಇಲ್ಲಿಗೆ ಮರಳಿದ್ದು ಮೂರು ವರ್ಷಗಳ ನಂತರ, 2007ರ ಡಿಸೆಂಬರಿನಲ್ಲಿ. ಮುತ್ತಯ್ಯ ಮುರಳೀಧರನ್ 2010ರಲ್ಲಿ ಭಾರತದ ವಿರುದ್ಧ ತಮ್ಮ 800ನೆಯ ಹಾಗೂ ಕೊನೆಯ ವಿಕೆಟನ್ನು ಪಡೆದದ್ದೂ ಇಲ್ಲಿಯೇ.

ಚುನಾವಣೆಯ ದಿನ ಅಂಗಡಿಗಳು ಮುಚ್ಚಿದ್ದವು. ನಾವು ಬಟ್ಟೆ ಒಗೆದು ಮಲಗಿದೆವು. ಅಂದು ರಾತ್ರಿ ಹತ್ತರಿಂದ ದೇಶದಾದ್ಯಂತ ಕರ್ಫ್ಯೂ ಎಂದು ಅಕ್ಕ ಬಂದು ಹೇಳಿದರು. ಬೆಳಗ್ಗೆ ಆರಕ್ಕೆ ಮುಗಿಯಬೇಕಿದ್ದದ್ದು ಮರುದಿನ ಮಧ್ಯಾಹ್ನದವರೆಗೆ ವಿಸ್ತರಣೆಯಾಯಿತು. ಅತ್ತ ಆಟ ಆರಂಭವಾಯಿತು. ಅಕ್ಕ ಹೊರಗೆ ಕಾಲಿಡಲು ಬಿಡಲಿಲ್ಲ. ರೈಲು, ವಿಮಾನ, ಬಸ್ಸು, ಮತ್ತೆ ರೈಲು ಹಿಡಿದು ಗಾಲೆಗೆ ಬಂದ ನಾವಿಬ್ಬರು, ಮೈದಾನದಿಂದ ಕೂಗಳತೆಯ ದೂರದಲ್ಲಿ, ಅಕ್ಕನ ಚಾವಡಿಯ ಟಿವಿಯಲ್ಲಿ, ಊರಿನಲ್ಲಿ ನೋಡಬಹುದಾಗಿದ್ದ ಅದೇ ಆಟವನ್ನು ನೋಡಿದೆವು. ನ್ಯೂಜಿಲೆಂಡಿನ ಎಜಾಜ್ ಪಟೇಲ್ ಆರು ವಿಕೆಟ್ ಪೂರೈಸಿ ಶ್ರೀಲಂಕೆಯನ್ನು 309ಕ್ಕೆ ಮುಗಿಸಿದ್ದು ಹಾಗೆ ನಮ್ಮ ಕೈತಪ್ಪಿತು. ಭಾವ ಮಾತಾಡಲಿಲ್ಲ, ಗಡಿಯಾರವನ್ನೇ ನೋಡುತ್ತಿದ್ದ.

ಹನ್ನೆರಡು ಕಳೆದೊಡನೆ ಓಡಿದೆವೆಂದೇ ಹೇಳಬೇಕು. ನ್ಯೂಜಿಲೆಂಡಿಗೆ 275 ರನ್‌ಗಳ ಗುರಿ. ಒಂದು ಬದಿಯಲ್ಲಿ ವಿಕೆಟ್‌ಗಳು ಉರುಳುತ್ತಿದ್ದರೂ ರಚಿನ್ ರವೀಂದ್ರ ಇನ್ನೊಂದು ಬದಿಯಲ್ಲಿ ನಿಂತೇ ಇದ್ದರು. ಹೆತ್ತವರು ಬೆಂಗಳೂರಿನವರಾದ ಈ ಹುಡುಗನ ಆಟವನ್ನು ನೋಡುತ್ತ ನಾವು ಯಾರ ಪಕ್ಷವೆಂಬುದು ಕೊನೆಗೂ ತೀರ್ಮಾನವಾಯಿತು. ಪ್ರಭಾತ್ ಜಯಸೂರ್ಯ ಎಸೆದ ಚೆಂಡಿನ ಪುಟಿತಕ್ಕೆ ಆತ ಕಾಲು ಮುಂದಿಟ್ಟು ಬಾಗುತ್ತಿದ್ದ ರೀತಿ, ಮರುಕ್ಷಣವೇ ಹಿಂದೆ ಸರಿದು ಜಾಗ ಮಾಡಿಕೊಳ್ಳುತ್ತಿದ್ದ ರೀತಿ, ಪ್ರತಿ ರನ್ನಿನ ನಂತರ ಜೊತೆಗಾರನ ಬಳಿ ಹೋಗಿ ಒಂದು ಮಾತು ಹೇಳಿ ಬರುತ್ತಿದ್ದುದು, ಇವು ಟಿವಿಯಲ್ಲಿ ಜಾಹೀರಾತಿನ ನಡುವೆ ಕಳೆದುಹೋಗುತ್ತವೆ. ದಿನದಾಟ ಮುಗಿದಾಗ 8 ವಿಕೆಟಿಗೆ 207, ರಚಿನ್ 91. ಇನ್ನು 68 ಬೇಕು.

ಕೊನೆಯ ದಿನ ಸೋಮವಾರ, ಶಾಲೆ ತೆರೆಯುವ ದಿನ. ಎರಡು ದಿನದ ರಜೆ ಮೊದಲೇ ಬರೆದುಕೊಟ್ಟಿದ್ದೆ, ಆದರೆ ರಾತ್ರಿಯ ವಿಮಾನಕ್ಕೆ ಮಧ್ಯಾಹ್ನದ ರೈಲನ್ನೇ ಹಿಡಿಯಬೇಕಾಗಿತ್ತು. ಆಟ ಬಿಟ್ಟು ಹೇಗೆ ಹೊರಡುವುದೆಂದು ಹಿಂದಿನ ರಾತ್ರಿ ಬಹಳ ಚರ್ಚಿಸಿದ್ದೆವು. ಆ ಚರ್ಚೆಗೆ ಅರ್ಥವೇ ಇರಲಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡೇ ದಿಬ್ಬದಲ್ಲಿ ಕುಳಿತ ಕೆಲವೇ ಓವರ್‌ಗಳಲ್ಲಿ ರಚಿನ್ 92ಕ್ಕೆ ಎಲ್‌ಬಿಡಬ್ಲ್ಯು ಆದರು, ಹಿಂದೆಯೇ ಕೊನೆಯ ವಿಕೆಟೂ ಬಿತ್ತು, 211ಕ್ಕೆ ಎಲ್ಲ ಮುಗಿಯಿತು. ನಾನು ತಂದ ಬಿಸ್ಕತ್ತಿನ ಪೊಟ್ಟಣ ಇನ್ನೂ ಒಡೆದಿರಲಿಲ್ಲ. ಎರಡನೆಯ ಟೆಸ್ಟೂ ಗಾಲೆಯಲ್ಲೇ, 26ರಿಂದ. "ಕೋಣೆ ಖಾಲಿ ಇದೆ, ಮಲ್ಲಿ" ಎಂದು ಅಕ್ಕ ಹೇಳಿದ್ದರು. ದಿನ ಬದಲಿಸಬಹುದಾದ ಟಿಕೆಟಿಗೆ ಹೆಚ್ಚು ಕೊಡಬೇಕಾಗಿದ್ದ ಹಣವೆಷ್ಟೆಂದು ಭಾವ ರೈಲಿನಲ್ಲಿ ಮೂರು ಸಲ ಕೇಳಿದ. ತಲಾ 30,000 ರೂಪಾಯಿಯೊಳಗೆ ಮುಗಿದ ಪ್ರವಾಸದಲ್ಲಿ ನನಗೆ ಹೇಳಲು ಇಷ್ಟವಿಲ್ಲದ ಸಂಖ್ಯೆ ಅದೊಂದೇ.

ಆ ಶುಕ್ರವಾರ ಮಧ್ಯಾಹ್ನ ಶಾಲೆಯ ಸ್ಟಾಫ್‌ರೂಮಿನಲ್ಲಿ ಫೋನು ತೆರೆದಾಗ ಕಮಿಂದು 182 ರನ್ ಗಳಿಸಿ ಔಟಾಗದೆ ಉಳಿದಿದ್ದ; ತನ್ನ ಹದಿಮೂರನೆಯ ಟೆಸ್ಟ್ ಇನಿಂಗ್ಸಿನಲ್ಲಿ ಸಾವಿರ ರನ್ ಪೂರೈಸಿ, ಅಷ್ಟೇ ಇನಿಂಗ್ಸಿನಲ್ಲಿ ಅದನ್ನು ಸಾಧಿಸಿದ್ದ ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ನರ ಸಾಲಿಗೆ ಸೇರಿದ್ದ. ಕ್ಯಾಮೆರಾ ಒಮ್ಮೆ ಗಡಿಯಾರ ಗೋಪುರದತ್ತ ಹೊರಳಿತು. ನಾವು ಕುಳಿತಿದ್ದ ಜಾಗದಲ್ಲಿ ಯಾರೋ ಇಬ್ಬರು ಕೊಡೆ ಬಿಡಿಸಿ ಕುಳಿತಿದ್ದರು.